ಹಳೆಯ ಲ್ಯಾಪ್‌ಟಾಪಿಗೆ ಮೋಡೆಮ್ ಕಾರ್ಡ್: ಜೋಡಣೆ ಮತ್ತು ದೋಷ ನಿವಾರಣೆ

ರಾಯಚೂರು ಜಿಲ್ಲೆಯ ತುರ್ವಿಹಾಳ, ಸಿಂಧನೂರು, ಮಸ್ಕಿ ಭಾಗದ ವಾಣಿಜ್ಯ ವ್ಯವಹಾರವು ಬಹುಮಟ್ಟಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆಯುವ ಭತ್ತವನ್ನು ಅವಲಂಬಿಸಿದೆ. ಸುಗ್ಗಿಯ ದಿನಗಳಲ್ಲಿ ಅಡತಿ ಅಂಗಡಿಗಳಲ್ಲಿಯೂ ಅಕ್ಕಿ ಗಿರಣಿಗಳಲ್ಲಿಯೂ ತೂಕ, ಪಟ್ಟಿ, ಪಾವತಿ ಮತ್ತು ಸಾಗಣೆಯ ಕೆಲಸಗಳು ಒಮ್ಮೆಲೇ ಕೂಡಿಬರುತ್ತವೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಬಳಿಕ ಹಾಗೂ 2018ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಇ-ವೇ ಬಿಲ್ ಪದ್ಧತಿ ಆರಂಭವಾದ ಬಳಿಕ ಈ ಕೆಲಸಗಳಲ್ಲಿ ಹಲವು ಅಂತರಜಾಲದ ಮೂಲಕವೇ ನಡೆಯಬೇಕಾಗಿದೆ. 25 ಕಿಲೋವರೆಗಿನ, ಮೊದಲೇ ಕಟ್ಟಿ ವಿವರ ಮುದ್ರಿಸಿದ ಚೀಲಗಳ ಅಕ್ಕಿಯೂ 2022ರ ಜುಲೈ 18ರಿಂದ ತೆರಿಗೆಯ ವ್ಯಾಪ್ತಿಗೆ ಬಂದಿದೆ. ತೆರಿಗೆಗೆ ಒಳಪಡುವ ಸರಕಿನ ಮೌಲ್ಯ 50,000 ರೂಪಾಯಿ ಮೀರಿದಾಗ ಇ-ವೇ ಬಿಲ್ ಇಲ್ಲದೆ ಸಾಗಿಸುವಂತಿಲ್ಲ. ಸಂಪರ್ಕ ಕಡಿದುಹೋದರೆ ತುಂಬಿದ ಲಾರಿ ಗಿರಣಿಯ ಬಾಗಿಲಿನಲ್ಲಿಯೇ ನಿಲ್ಲುತ್ತದೆ.

ಸಣ್ಣ ವ್ಯವಹಾರಸ್ಥರಲ್ಲಿ ಅನೇಕರ ಬಳಿ ಹತ್ತು-ಹದಿನೈದು ವರ್ಷ ಹಳೆಯ ಲ್ಯಾಪ್‌ಟಾಪುಗಳಿವೆ. ಹಿಂದಿನ ವರ್ಷಗಳ ಲೆಕ್ಕ, ದಾಸ್ತಾನು, ರೈತರ ಖಾತೆ ಎಲ್ಲವೂ ಅವುಗಳಲ್ಲಿಯೇ ಉಳಿದಿರುತ್ತವೆ. ಅಂತಹ ಯಂತ್ರದಲ್ಲಿ ಅಂತರಜಾಲ ನಿಂತಾಗ ಮೊದಲು ದೂರು ಬರುವುದು ಮೋಡೆಮ್ ಕಾರ್ಡಿನ ಮೇಲೆ. ಹೊಸ ಕಾರ್ಡನ್ನು ಕೊಂಡು ಹಾಕಿದ ಮೇಲೂ ತೊಂದರೆ ಹಾಗೆಯೇ ಉಳಿದರೆ ಹಣ ಮತ್ತು ಸಮಯ ಎರಡೂ ವ್ಯರ್ಥ. ಕಾರ್ಡ್, ಸಿಗ್ನಲ್, ಚಾಲಕ ತಂತ್ರಾಂಶ ಮತ್ತು ಯಂತ್ರದ ವಯಸ್ಸು ಇವುಗಳಲ್ಲಿ ದೋಷ ಎಲ್ಲಿದೆ ಎಂಬುದನ್ನು ಕ್ರಮವಾಗಿ ಪರೀಕ್ಷಿಸಿದರೆ ಈ ನಷ್ಟವನ್ನು ತಪ್ಪಿಸಬಹುದು.

ಮೋಡೆಮಿನ ಹಿನ್ನೆಲೆ

ಗಣಕಯಂತ್ರದ ಅಂಕೀಯ ಮಾಹಿತಿಯನ್ನು ತಂತಿಯಲ್ಲಿ ಅಥವಾ ಗಾಳಿಯಲ್ಲಿ ಸಾಗಬಲ್ಲ ಸಂಕೇತವಾಗಿ ಬದಲಿಸುವುದು, ಬಂದ ಸಂಕೇತವನ್ನು ಮತ್ತೆ ಮಾಹಿತಿಯಾಗಿ ಪರಿವರ್ತಿಸುವುದು ಮೋಡೆಮಿನ ಕೆಲಸ. ಭಾರತದಲ್ಲಿ ಸಾರ್ವಜನಿಕ ಅಂತರಜಾಲ ಸೇವೆಯನ್ನು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಆರಂಭಿಸಿತು. 2000ದ ಅಕ್ಟೋಬರ್ 1ರಂದು ಅಸ್ತಿತ್ವಕ್ಕೆ ಬಂದ ಭಾರತ ಸಂಚಾರ ನಿಗಮವು ಸಂಚಾರ್‌ನೆಟ್ ಹೆಸರಿನಲ್ಲಿ ಈ ಸೇವೆಯನ್ನು ಸಣ್ಣ ಊರುಗಳಿಗೂ ಒದಗಿಸಿತು. ದೂರವಾಣಿ ತಂತಿಯನ್ನು ಲ್ಯಾಪ್‌ಟಾಪಿನ ಬದಿಗೆ ಸಿಕ್ಕಿಸಿ, ಕಿರುಗುಟ್ಟುವ ಧ್ವನಿ ಕೇಳಿ, ಸಂಪರ್ಕಕ್ಕಾಗಿ ಕಾಯುತ್ತಿದ್ದ ಕಾಲ ಅದು.

ಆ ಮೋಡೆಮುಗಳ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. ಪೂರ್ಣ ವೇಗ ದೊರೆತರೂ ಒಂದು ಮೆಗಾಬೈಟ್ ಮಾಹಿತಿ ಬರಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಇಂದಿನ ತೆರಿಗೆ ತಾಣದ ಅಥವಾ ಬ್ಯಾಂಕಿನ ಪುಟಗಳಿಗೆ ಅದು ಸಾಲದು. ಆದ್ದರಿಂದ ಈಗ ಮೋಡೆಮ್ ಕಾರ್ಡ್ ಎಂದರೆ ಸಾಮಾನ್ಯವಾಗಿ ಸಿಮ್ ಹಾಕಿ ಬಳಸುವ ಮೊಬೈಲ್ ಡೇಟಾ ಕಾರ್ಡ್ ಎಂದೇ ಅರ್ಥ.

ಯಾವ ಯಂತ್ರಕ್ಕೆ ಯಾವ ಕಾರ್ಡ್

ಲ್ಯಾಪ್‌ಟಾಪಿನ ಬದಿಯಲ್ಲಿ ಅಗಲವಾದ ಸೀಳು ಇದ್ದರೆ ಅದು ಪಿಸಿ ಕಾರ್ಡಿನ ಸ್ಥಾನ. ಈ ಕಾರ್ಡಿನ ಅಗಲ 54 ಮಿ.ಮೀ.; ಒಳಗಿನ ತುದಿಯಲ್ಲಿ 68 ಸೂಜಿಗಳ ಜೋಡಣೆ ಇರುತ್ತದೆ. ಇದರ ನಂತರದ ಪೀಳಿಗೆಯಾಗಿ 2003ರಲ್ಲಿ ಎಕ್ಸ್‌ಪ್ರೆಸ್ ಕಾರ್ಡ್ ಬಂದಿತು. ಅದರಲ್ಲಿ 34 ಮಿ.ಮೀ. ಮತ್ತು 54 ಮಿ.ಮೀ. ಎಂಬ ಎರಡು ಅಗಲಗಳುಂಟು. 54 ಮಿ.ಮೀ. ಸೀಳು ಕಂಡ ಮಾತ್ರಕ್ಕೆ ಎರಡೂ ಒಂದೇ ಎಂದು ಭಾವಿಸಬಾರದು. ಒಂದು ಪೀಳಿಗೆಯ ಕಾರ್ಡ್ ಇನ್ನೊಂದರ ಸ್ಥಾನದಲ್ಲಿ ಕೂರುವುದಿಲ್ಲ. ಬಲವಂತವಾಗಿ ಒತ್ತಿದರೆ ಸೂಜಿಗಳು ಬಾಗಿ ಸ್ಥಾನವೇ ಹಾಳಾಗುತ್ತದೆ.

ಯಂತ್ರದ ಒಳಗೆ ಜೋಡಿಸುವ ಕಾರ್ಡುಗಳಲ್ಲಿ 52 ಸಂಪರ್ಕಗಳುಳ್ಳ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಹೆಚ್ಚು ಬಳಕೆಯಲ್ಲಿತ್ತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವೈ-ಫೈ ಕಾರ್ಡಿನ ಸ್ಥಾನವೂ ಮೊಬೈಲ್ ಮೋಡೆಮಿನ ಸ್ಥಾನವೂ ನೋಡಲು ಒಂದೇ ಬಗೆಯಾಗಿರುತ್ತವೆ. ಆದರೆ ಮೊಬೈಲ್ ಮೋಡೆಮ್ ಕೆಲಸ ಮಾಡಲು ಆ ಸ್ಥಾನಕ್ಕೆ ಯುಎಸ್‌ಬಿ ಸಂಪರ್ಕವೂ ಸಿಮ್ ತಟ್ಟೆಯ ಸಂಪರ್ಕವೂ ಬಂದಿರಬೇಕು. ಬ್ಯಾಟರಿ ತೆಗೆದಾಗ ಅದರ ಅಡಿಯಲ್ಲಿ ಸಿಮ್ ಇಡುವ ಜಾಗ, ಸ್ಥಾನದ ಬಳಿ ಎರಡು ತೆಳುವಾದ ಆಂಟೆನಾ ತಂತಿಗಳು ಕಂಡುಬಂದರೆ ಯಂತ್ರವು ಈ ಕಾರ್ಡಿಗೆ ಸಿದ್ಧವಾಗಿದೆ ಎಂದು ತಿಳಿಯಬಹುದು. ಇವೆರಡೂ ಇಲ್ಲದಿದ್ದಲ್ಲಿ ಒಳಗಿನ ಕಾರ್ಡಿನ ಆಲೋಚನೆಯನ್ನು ಬಿಟ್ಟು ಯುಎಸ್‌ಬಿ ಮೋಡೆಮನ್ನು ಆಶ್ರಯಿಸುವುದು ಲೇಸು.

ಕೆಲವು ತಯಾರಕರು ತಾವು ಒಪ್ಪಿದ ಕಾರ್ಡುಗಳನ್ನು ಮಾತ್ರ ಯಂತ್ರ ಸ್ವೀಕರಿಸುವಂತೆ ಬಯೋಸ್‌ನಲ್ಲಿಯೇ ನಿರ್ಬಂಧಿಸಿದ್ದರು. ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ ಒಪ್ಪಿಗೆಯಿಲ್ಲದ ಕಾರ್ಡ್ ಹಾಕಿದರೆ 1802 ಎಂಬ ದೋಷಸಂಖ್ಯೆ ತೋರಿ ಯಂತ್ರ ಮುಂದುವರಿಯದೆ ನಿಲ್ಲುತ್ತದೆ. ಕಾರ್ಡ್ ತೆಗೆದೊಡನೆ ಯಂತ್ರ ಎಂದಿನಂತೆ ನಡೆಯುತ್ತದೆ. ಇದನ್ನು ಯಂತ್ರ ಕೆಟ್ಟಿತೆಂದು ತಪ್ಪಾಗಿ ತಿಳಿಯಬಾರದು.

ಖರೀದಿಗೆ ಮುನ್ನ ಜಾಲದ ವಿಚಾರ

ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಡೇಟಾ ಕಾರ್ಡುಗಳಲ್ಲಿ ಹಲವು ಇಂದು ನಿರುಪಯುಕ್ತ. ಒಂದು ಕಾಲದಲ್ಲಿ ಜನಪ್ರಿಯವಾಗಿದ್ದ ಖಾಸಗಿ ಸಿಡಿಎಂಎ ಜಾಲಗಳು ಮುಚ್ಚಿಹೋಗಿವೆ. ಆ ಕಾರ್ಡುಗಳು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಸಂಪರ್ಕಿಸಲು ಜಾಲವೇ ಇಲ್ಲ. 3ಜಿ ಕಾರ್ಡುಗಳ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. ಏರ್‌ಟೆಲ್ 2020ರಲ್ಲಿ 3ಜಿ ಸೇವೆಯನ್ನು ನಿಲ್ಲಿಸಿತು. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ಜಿಯೋ ಮೊದಲಿನಿಂದಲೂ 4ಜಿ ಜಾಲವಾಗಿದ್ದು, ಅದರ ಸಿಮ್ 3ಜಿ ಕಾರ್ಡಿನಲ್ಲಿ ನಡೆಯುವುದಿಲ್ಲ.

ಕೊಳ್ಳುವುದಾದರೆ 4ಜಿ ಕಾರ್ಡನ್ನೇ ಕೊಳ್ಳಬೇಕು. ಅದರಲ್ಲಿಯೂ 1800 ಮತ್ತು 2300 ಮೆಗಾಹರ್ಟ್ಸ್ ತರಂಗಪಟ್ಟಿಗಳು, ಅಂದರೆ 3 ಮತ್ತು 40ನೆಯ ಬ್ಯಾಂಡುಗಳು ಇವೆಯೇ ಎಂದು ವಿಚಾರಿಸಬೇಕು. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಕೆಲವು ಕಾರ್ಡುಗಳಲ್ಲಿ ಇವು ಇರುವುದಿಲ್ಲ. ಒಂದು ಜಾಲಕ್ಕೆ ಮಾತ್ರ ಬೀಗ ಹಾಕಿದ ಕಾರ್ಡುಗಳೂ ಇವೆ. ತಮ್ಮ ಸಿಮ್ ಹಾಕಿ ಅಂಗಡಿಯಲ್ಲಿಯೇ ಪರೀಕ್ಷಿಸಿ ಹಣ ಕೊಡುವುದು ಸೂಕ್ತ.

ಮೊದಲ ಕೆಲಸ: ಲೆಕ್ಕಪತ್ರಗಳ ಪ್ರತಿ

ತಿರುಪು ಬಿಚ್ಚುವ ಮುನ್ನ ಲ್ಯಾಪ್‌ಟಾಪಿನಲ್ಲಿರುವ ಲೆಕ್ಕಪತ್ರಗಳನ್ನು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವಿಗೆ ಪ್ರತಿ ಮಾಡಿಕೊಳ್ಳಬೇಕು. ಸಾಧ್ಯವಾದರೆ ಎರಡು ಪ್ರತಿಗಳಿರಲಿ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ. ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು ನೋಡಿದ ನಂತರವೇ ಅದು ಸರಿಯಾಗಿದೆ ಎನ್ನಬೇಕು. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡುವುದು ನೋಂದಾಯಿತ ವರ್ತಕರ ಹೊಣೆ. ಕಾರ್ಡ್ ಹೋದರೆ ಇನ್ನೊಂದನ್ನು ಕೊಳ್ಳಬಹುದು, ಆರು ವರ್ಷಗಳ ಲೆಕ್ಕ ಹೋದರೆ ತರುವ ಅಂಗಡಿ ಯಾವುದೂ ಇಲ್ಲ.

ಜೋಡಿಸುವ ಕ್ರಮ

ಚಾಲಕ ತಂತ್ರಾಂಶವನ್ನು ಮೊದಲೇ ಬೇರೆ ಯಂತ್ರದಲ್ಲಿ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳಬೇಕು. ಅಂತರಜಾಲ ತರುವ ಕಾರ್ಡಿನ ಚಾಲಕವನ್ನು ಅದೇ ಕಾರ್ಡಿನ ಮೂಲಕ ತರಲಾಗದು. ಲ್ಯಾಪ್‌ಟಾಪಿನ ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ಎಂದು ನೋಡಿ ಅದಕ್ಕೆ ಹೊಂದುವ ಚಾಲಕವನ್ನೇ ಆರಿಸಬೇಕು.

ಒಳಗಿನ ಕಾರ್ಡ್ ಆದಲ್ಲಿ ಯಂತ್ರವನ್ನು ಪೂರ್ತಿ ಆರಿಸಿ, ವಿದ್ಯುತ್ ತಂತಿಯನ್ನೂ ಬ್ಯಾಟರಿಯನ್ನೂ ತೆಗೆಯಬೇಕು. ಕೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯುವಂತೆ ಬಣ್ಣವಿಲ್ಲದ ಲೋಹದ ವಸ್ತುವನ್ನು ಮುಟ್ಟಿ ಕೆಲಸಕ್ಕೆ ತೊಡಗಬೇಕು. ಅಕ್ಕಿ ಗಿರಣಿಗಳ ಕಚೇರಿಯಲ್ಲಿರುವ ಯಂತ್ರಗಳೊಳಗೆ ಹೊಟ್ಟಿನ ಸಣ್ಣ ಧೂಳು ಸೇರಿರುತ್ತದೆ. ಮುಚ್ಚಳ ತೆಗೆದಾಗ ಅದನ್ನು ಮೃದುವಾದ ಕುಂಚದಿಂದ ಸ್ವಚ್ಛಗೊಳಿಸುವುದು ಒಳ್ಳೆಯದು. ಕಾರ್ಡನ್ನು ಓರೆಯಾಗಿ ಸ್ಥಾನಕ್ಕೆ ಸೇರಿಸಿ, ಮೆಲ್ಲಗೆ ಕೆಳಗೆ ಒತ್ತಿ ತಿರುಪು ಬಿಗಿಯಬೇಕು. ಆಂಟೆನಾ ತಂತಿಗಳ ತುದಿಯ ಪುಟ್ಟ ಗುಂಡಿಗಳನ್ನು ಕಾರ್ಡಿನ ಮೇಲೆ ನೇರವಾಗಿಟ್ಟು ಒತ್ತಿದರೆ ಟಿಕ್ ಎಂದು ಕೂರುತ್ತವೆ. ಮುಖ್ಯ ತಂತಿಯನ್ನು ಮುಖ್ಯ ಗುರುತಿನ ಗುಂಡಿಗೇ ಹಾಕಬೇಕು. ಬಳಿಕ ಸಿಮ್ ಸೇರಿಸಿ, ಯಂತ್ರವನ್ನು ಆರಂಭಿಸಿ, ಚಾಲಕ ತಂತ್ರಾಂಶವನ್ನು ಅಳವಡಿಸಿ, ಜಾಲದ ಎಪಿಎನ್ ಹೆಸರನ್ನು ತುಂಬಬೇಕು. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್ ಎಂಬುದು ರೂಢಿಯ ಹೆಸರು. ಒಂದು ಅಕ್ಷರ ತಪ್ಪಿದರೂ ಸಿಗ್ನಲ್ ತೋರುತ್ತದೆ, ಮಾಹಿತಿ ಮಾತ್ರ ಬರುವುದಿಲ್ಲ.

ದೋಷಗಳ ಪತ್ತೆ

ಮೊದಲು ಅದೇ ಸಿಮ್ಮನ್ನು ಮೊಬೈಲಿಗೆ ಹಾಕಿ, ಲ್ಯಾಪ್‌ಟಾಪ್ ಇಡುವ ಮೇಜಿನ ಮೇಲೆಯೇ ಅಂತರಜಾಲ ತೆರೆದು ನೋಡಬೇಕು. ಮೊಬೈಲಿನಲ್ಲಿಯೂ ಬಾರದಿದ್ದರೆ ದೋಷ ಸಿಮ್ಮಿನದು ಇಲ್ಲವೇ ಜಾಲದ್ದು, ಕಾರ್ಡನ್ನು ಮುಟ್ಟಬೇಕಾಗಿಲ್ಲ. ತಗಡಿನ ಚಾವಣಿಯ ಗೋದಾಮಿನೊಳಗೆ ಸಿಗ್ನಲ್ ಕುಗ್ಗುವುದು ಸಹಜ. ಯಂತ್ರವನ್ನು ಕಿಟಕಿಯ ಬಳಿಗೆ ಸರಿಸಿದಾಗ ಸರಿಹೋದರೆ ಕಾರಣ ಅಲ್ಲಿಯೇ ತಿಳಿಯಿತು.

ಮೊಬೈಲಿನಲ್ಲಿ ಬಂದು ಲ್ಯಾಪ್‌ಟಾಪಿನಲ್ಲಿ ಬಾರದಿದ್ದಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಬೇಕು. ಅಲ್ಲಿ ಕಾರ್ಡಿನ ಹೆಸರೇ ಇಲ್ಲವಾದರೆ ಕಾರ್ಡ್ ಸರಿಯಾಗಿ ಕೂತಿಲ್ಲ, ಅಥವಾ ನಿಸ್ತಂತು ಸ್ವಿಚ್ ಆರಿದೆ. ಹಳೆಯ ಲ್ಯಾಪ್‌ಟಾಪುಗಳ ಅಂಚಿನಲ್ಲಿ ಇಂತಹ ಸಣ್ಣ ಸ್ವಿಚ್ ಇರುವುದು ಮರೆತೇ ಹೋಗಿರುತ್ತದೆ. ಹೆಸರಿನ ಮುಂದೆ ಹಳದಿ ಗುರುತು ಇದ್ದರೆ ಅದರ ದೋಷಸಂಖ್ಯೆಯನ್ನು ನೋಡಬೇಕು. 28 ಎಂದರೆ ಚಾಲಕ ತಂತ್ರಾಂಶ ಅಳವಡಿಕೆಯಾಗಿಲ್ಲ. 10 ಎಂದರೆ ಸಾಧನ ಆರಂಭವಾಗುತ್ತಿಲ್ಲ. 12 ಎಂದರೆ ಯಂತ್ರದ ಸಂಪನ್ಮೂಲಗಳಿಗಾಗಿ ಇನ್ನೊಂದು ಸಾಧನದೊಡನೆ ಘರ್ಷಣೆ. ಕಾರ್ಡ್ ಸರಿಯಾಗಿ ಕಂಡು ಸಿಗ್ನಲ್ ಮಾತ್ರ ತೀರಾ ಕಡಿಮೆಯಿದ್ದರೆ ಆಂಟೆನಾ ಗುಂಡಿ ಸಡಿಲವಾಗಿದೆಯೇ ಎಂದು ಪರಿಶೀಲಿಸಬೇಕು.

ಫ್ಯಾಕ್ಸ್ ಮುಂತಾದ ಕಾರ್ಯಕ್ಕೆ ಈಗಲೂ ತಂತಿ ದೂರವಾಣಿಯ ಮೋಡೆಮನ್ನು ಇಟ್ಟುಕೊಂಡವರಿಗೆ ಎರಡು ಮಾತು. 680 ಎಂಬ ದೋಷ ಬಂದರೆ ಡಯಲ್ ಧ್ವನಿ ಮೋಡೆಮಿಗೆ ಕೇಳಿಸಿಲ್ಲ ಎಂದರ್ಥ. ತಂತಿ ಸರಿಯಿದ್ದೂ ಹೀಗಾಗುವುದುಂಟು. ಅಮೆರಿಕದ ಡಯಲ್ ಧ್ವನಿಗೂ ಭಾರತದ ಡಯಲ್ ಧ್ವನಿಗೂ ವ್ಯತ್ಯಾಸವಿರುವುದರಿಂದ ಕೆಲವು ಮೋಡೆಮುಗಳು ನಮ್ಮ ಧ್ವನಿಯನ್ನು ಗುರುತಿಸುವುದಿಲ್ಲ. ಡಯಲ್ ಧ್ವನಿಗೆ ಕಾಯಬೇಕೆಂಬ ಆಯ್ಕೆಯ ಗುರುತನ್ನು ತೆಗೆದರೆ ಸಾಕು. ಎರಡನೆಯದಾಗಿ, ಬೇಸಿಗೆಯ ಗುಡುಗು-ಸಿಡಿಲಿನ ಹೊತ್ತಿನಲ್ಲಿ ದೂರವಾಣಿ ತಂತಿಯನ್ನು ಕಳಚಿಡಬೇಕು. ತಂತಿಯ ಮೂಲಕ ನುಗ್ಗುವ ವಿದ್ಯುತ್ತು ಮೋಡೆಮನ್ನಷ್ಟೇ ಅಲ್ಲ, ಇಡೀ ಯಂತ್ರವನ್ನು ಸುಡಬಲ್ಲದು.

ಸಂಪರ್ಕವಿದ್ದರೂ ತಾಣ ತೆರೆಯದಿದ್ದರೆ

ಹಳೆಯ ಲ್ಯಾಪ್‌ಟಾಪುಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ದೋಷ ಇದು. ಕಾರ್ಡ್ ಸಂಪರ್ಕ ಪಡೆದಿದೆ ಎಂದು ತೋರುತ್ತದೆ, ಆದರೆ ಬ್ಯಾಂಕಿನ ಅಥವಾ ತೆರಿಗೆಯ ತಾಣ ತೆರೆಯುವುದಿಲ್ಲ. ಇದಕ್ಕೆ ಎರಡು ಕಾರಣಗಳಿರುತ್ತವೆ, ಎರಡರಲ್ಲಿಯೂ ಮೋಡೆಮ್ ನಿರ್ದೋಷಿ.

ಮೊದಲನೆಯದು ಗಡಿಯಾರ. ಯಂತ್ರದೊಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದ್ದರೆ ಪ್ರತಿ ಬಾರಿ ಆರಂಭಿಸಿದಾಗ ದಿನಾಂಕವು ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ. ಆ ದಿನಾಂಕಕ್ಕೆ ತಾಣದ ಭದ್ರತಾ ಪ್ರಮಾಣಪತ್ರ ಹೊಂದದೆ ಬ್ರೌಸರು ಎಚ್ಚರಿಕೆ ನೀಡಿ ನಿಲ್ಲುತ್ತದೆ. ದಿನಾಂಕ ಸರಿಪಡಿಸಿ, ಬ್ಯಾಟರಿ ಬದಲಿಸಿದರೆ ತೊಂದರೆ ನೀಗುತ್ತದೆ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

ಎರಡನೆಯದು ತಂತ್ರಾಂಶದ ವಯಸ್ಸು. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮುಗಿಯಿತು. ಎಕ್ಸ್‌ಪಿಯ ಮೂಲ ಬ್ರೌಸರು ಇಂದಿನ ತಾಣಗಳು ಕೇಳುವ ಗೂಢಲಿಪಿ ಪದ್ಧತಿಯನ್ನು ಅರಿಯದು. ಎಷ್ಟು ಕಾರ್ಡುಗಳನ್ನು ಬದಲಿಸಿದರೂ ಅಲ್ಲಿ ಆ ತಾಣಗಳು ತೆರೆಯುವುದಿಲ್ಲ. ತೆರೆದರೂ ಭದ್ರತಾ ತಿದ್ದುಪಡಿಗಳು ಬಾರದ ಯಂತ್ರದಲ್ಲಿ ಬ್ಯಾಂಕಿನ ಗುಪ್ತಪದವನ್ನು ಬಳಸುವುದು ಅಪಾಯಕರ.

ಯಾವ ಕೆಲಸಕ್ಕೆ ಯಾವ ಯಂತ್ರ

ಇಷ್ಟೆಲ್ಲ ಪರಿಶೀಲಿಸಿದ ಮೇಲೆ ವರ್ತಕರು ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಎಕ್ಸ್‌ಪಿ ಅಥವಾ ವಿಂಡೋಸ್ 7 ಇರುವ ಯಂತ್ರವನ್ನು ಹಳೆಯ ಲೆಕ್ಕ ನೋಡಲು ಮತ್ತು ಮುದ್ರಿಸಲು ಅಂತರಜಾಲವಿಲ್ಲದೆ ಇರಿಸಿಕೊಳ್ಳಬಹುದು. ಅದಕ್ಕೆ ಮೋಡೆಮ್ ಕಾರ್ಡಿನ ಖರ್ಚು ಅನಗತ್ಯ. ಬೆಂಬಲವಿರುವ ಕಾರ್ಯಾಚರಣಾ ವ್ಯವಸ್ಥೆಯನ್ನು, ಉದಾಹರಣೆಗೆ ಲಿನಕ್ಸಿನ ಹಗುರವಾದ ಆವೃತ್ತಿಯನ್ನು, ನಡೆಸಬಲ್ಲ ಯಂತ್ರಕ್ಕೆ 4ಜಿ ಕಾರ್ಡ್ ಜೋಡಿಸಿದರೆ ಅದು ಇನ್ನೂ ಕೆಲವು ವರ್ಷ ದುಡಿಯುತ್ತದೆ. ಬ್ಯಾಂಕಿನ ವಹಿವಾಟನ್ನೂ ತೆರಿಗೆಯ ಕೆಲಸವನ್ನೂ ಅಂತಹ ಯಂತ್ರದಲ್ಲಿಯೇ ನಡೆಸಬೇಕು.

ಈ ಪರೀಕ್ಷೆಗಳಿಗೆ ಬೇಕಾದುದು ಒಂದು ತಿರುಪುಳಿ, ಒಂದು ಪೆನ್ ಡ್ರೈವ್, ಒಂದು ಮೊಬೈಲ್ ಮತ್ತು ಅರ್ಧ ದಿನದ ಬಿಡುವು. ಭತ್ತದ ಚೀಲಗಳು ಅಂಗಳಕ್ಕೆ ಬಂದಿಳಿದ ಮೇಲೆ ಆ ಬಿಡುವು ದೊರೆಯದು. ಸುಗ್ಗಿಗೆ ಒಂದು ತಿಂಗಳು ಮುನ್ನವೇ ಲೆಕ್ಕದ ಪ್ರತಿ ತೆಗೆದು, ಕಾರ್ಡನ್ನು ಪರೀಕ್ಷಿಸಿ, ತುರ್ತಿಗೆಂದು ಮೊಬೈಲಿನಿಂದ ಲ್ಯಾಪ್‌ಟಾಪಿಗೆ ಅಂತರಜಾಲ ಹಂಚುವ ಕ್ರಮವನ್ನು ಗುಮಾಸ್ತರಿಗೂ ಕಲಿಸಿಟ್ಟರೆ, ಸಂಪರ್ಕದ ಕಾರಣಕ್ಕೆ ಲಾರಿ ನಿಲ್ಲುವ ಸಂದರ್ಭ ವಿರಳವಾಗುತ್ತದೆ.