ಹಳೇ ಬುಲೆಟ್‌ಗೆ ಆಯಿಲ್ ಪ್ರೆಶರ್ ಗೇಜ್ ಹಾಕಿಸ್ತೀರಾ? ಮೊದಲು ಇದನ್ನು ತಿಳಿದುಕೊಳ್ಳಿ

ಹೈದರಾಬಾದ್‌ನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಟ್ರಾಫಿಕ್‌ನಲ್ಲಿ ನಿಂತ ಹಳೇ ಬುಲೆಟ್‌ನ ಎಂಜಿನ್‌ಗೆ ಗಾಳಿ ಸಾಲುವುದಿಲ್ಲ. ಆಯಿಲ್ ಬಿಸಿಯಾಗಿ ತೆಳ್ಳಗಾಗುತ್ತದೆ, ಒತ್ತಡ ಇಳಿಯುತ್ತದೆ. ಇದನ್ನು ತಿಳಿಯಲೆಂದೇ ಹಲವರು ಗೇಜ್ ಹಾಕಿಸುತ್ತಾರೆ.

ಪಂಪ್‌ನಿಂದ ಕ್ರ್ಯಾಂಕ್‌ಗೆ ಆಯಿಲ್ ಹೋಗುವ ದಾರಿಗೇ ಗೇಜ್‌ನ ಪೈಪ್ ಜೋಡಿಸಬೇಕು. ಮರಳಿ ಬರುವ ದಾರಿಗೆ ಜೋಡಿಸಿದರೆ ಸರಿಯಾದ ರೀಡಿಂಗ್ ಸಿಗದು. ಪೈಪ್ ಸೈಲೆನ್ಸರ್‌ಗೆ ತಾಗಬಾರದು, ಹ್ಯಾಂಡಲ್ ತಿರುಗಿಸಿದಾಗ ಬಿಗಿಯಬಾರದು. ಅದು ಒಡೆದು ಆಯಿಲ್ ಹಿಂದಿನ ಟೈರ್ ಮೇಲೆ ಬಿದ್ದರೆ ಬೈಕ್ ಜಾರುವುದು ಖಚಿತ.

ಬುಲೆಟ್‌ನಲ್ಲಿ ಒತ್ತಡವೇ ಕಡಿಮೆ. ಕಾರಿನ ಗೇಜ್ ಹಾಕಿದರೆ ಮುಳ್ಳು ಕದಲುವುದೇ ಕಷ್ಟ. ಎಂಜಿನ್ ಬಿಸಿಯಾದ ಮೇಲೆ ಮುಳ್ಳು ಇಳಿಯುವುದು ಸಹಜ, ಗಾಬರಿ ಬೇಡ. ಆದರೆ ವೇಗವಾಗಿ ಓಡುವಾಗ ಸೊನ್ನೆಗೆ ಬಿದ್ದರೆ ತಕ್ಷಣ ಎಂಜಿನ್ ಆಫ್ ಮಾಡಿ.

ಹಳೇ ಯೆಜ್ಡಿ ಇರುವವರಿಗೆ ಈ ಖರ್ಚಿಲ್ಲ. ಆ ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್ ಪೆಟ್ರೋಲ್ ಜತೆಗೇ ಬೆರೆತು ಹೋಗುತ್ತದೆ.