ಬೋರ್ಡ್ ಬದಲಾದರೆ ಫಾರ್ಮ್ಯಾಟ್ ಹೊಡೆಯಲೇಬೇಕೆ?

‘ಹೊಸ ಬೋರ್ಡ್ ಹಾಕಿದ್ಮೇಲೆ ಫಾರ್ಮ್ಯಾಟ್ ಮಾಡ್ಲೇಬೇಕು’ ಎಂಬುದು ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳ ಕಂಪ್ಯೂಟರ್ ರಿಪೇರಿಯಲ್ಲಿ ಬೇರೂರಿದ ಮಾತು. ರ‍್ಯಾಮ್ ಹೆಚ್ಚಿಸಿದರೆ ಯಾರೂ ಹಾಗೆನ್ನುವುದಿಲ್ಲ. ಮದರ್‌ಬೋರ್ಡ್ ಎಂದೊಡನೆ ವಿಂಡೋಸ್ ತುಂಬಿದ ಪೆನ್‌ಡ್ರೈವ್ ಹೊರಬರುತ್ತದೆ. ಈ ಪದ್ಧತಿ ಹುಟ್ಟಿದಾಗ ಅದಕ್ಕೆ ಗಟ್ಟಿ ಕಾರಣವೇ ಇತ್ತು.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ಇನ್‌ಸ್ಟಾಲ್ ಆಗುವಾಗಲೇ ಎದುರಿಗಿರುವ ಯಂತ್ರದ ಜಾತಕ ನೋಡಿ ಅದಕ್ಕೆ ತಕ್ಕ ‘ಹಾಲ್’ ಎಂಬ ತಳಪದರವನ್ನು ಕೂರಿಸುತ್ತಿತ್ತು. ಡಿಸ್ಕ್ ಓದುವ ಡ್ರೈವರನ್ನೂ ಆ ಬೋರ್ಡಿಗೆ ತಕ್ಕಂತೆಯೇ ಸಜ್ಜುಗೊಳಿಸುತ್ತಿತ್ತು. ಅದೇ ಡಿಸ್ಕನ್ನು ಬೇರೆ ಚಿಪ್‌ಸೆಟ್‌ನ ಬೋರ್ಡಿಗೆ ಸಿಕ್ಕಿಸಿದರೆ, ಎಷ್ಟೋ ಸಲ ವಿಂಡೋಸಿಗೆ ತಾನಿರುವ ಡಿಸ್ಕೇ ಕಾಣುತ್ತಿರಲಿಲ್ಲ. ನೀಲಿ ಪರದೆ, ಅದರ ಮೇಲೆ 7ಬಿ ಎಂಬ ದೋಷಸಂಖ್ಯೆ. ಸಾಲದ್ದಕ್ಕೆ ಎಕ್ಸ್‌ಪಿಯ ಆ್ಯಕ್ಟಿವೇಶನ್ ಯಂತ್ರದ 10 ಅಂಶಗಳನ್ನು ಗುರುತಿಟ್ಟುಕೊಳ್ಳುತ್ತಿತ್ತು; ಹೆಚ್ಚು ಬದಲಾದರೆ ಮತ್ತೆ ಅನುಮತಿ ಕೇಳುತ್ತಿತ್ತು. ಸಿ.ಡಿ.ಯಿಂದ ‘ರಿಪೇರ್’ ಮಾಡುವ ದಾರಿಯಿದ್ದರೂ ಫಾರ್ಮ್ಯಾಟೇ ಖಚಿತ ಮದ್ದಾಯಿತು.

ವಿಸ್ಟಾದಿಂದ ಶುರುವಾಗಿ ವಿಂಡೋಸ್ 8, 10ರ ಹೊತ್ತಿಗೆ ಈ ಬಿಗಿ ಸಡಿಲವಾಯಿತು. ಈಗಿನ ವಿಂಡೋಸ್ ಹೊಸ ಬೋರ್ಡ್ ಕಂಡರೆ ಡ್ರೈವರ್ ತಾನೇ ಹುಡುಕಿಕೊಂಡು, ಒಂದೆರಡು ಸಲ ರೀಸ್ಟಾರ್ಟ್ ಆಗಿ ಸಾಮಾನ್ಯವಾಗಿ ಎದ್ದು ನಿಲ್ಲುತ್ತದೆ. 2016ರಿಂದ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಲೂ ಸಾಧ್ಯವಾಯಿತು. ಆದರೆ ಕಂಪ್ಯೂಟರಿನೊಂದಿಗೇ ಬಂದ ಒಇಎಂ ಲೈಸೆನ್ಸ್ ಹಳೆಯ ಬೋರ್ಡಿಗೇ ಅಂಟಿಕೊಂಡಿರುತ್ತದೆ. ಫಾರ್ಮ್ಯಾಟ್ ಮಾಡಿದರೂ ಅದು ಹೊಸದಕ್ಕೆ ಬರುವುದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಫಾರ್ಮ್ಯಾಟ್ ತರುವ ತಾಪತ್ರಯ ಇನ್ನೊಂದಿದೆ. 1998ರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಡಿಟಿಪಿಯವರ ‘ಶ್ರೀಲಿಪಿ’ ಇವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದಂಥವು. ಫಾಂಟ್ ಅಳಿದರೆ ಲಗ್ನಪತ್ರಿಕೆಯಿಂದ ಸೊಸೈಟಿಯ ಸಭಾ ನಡಾವಳಿಯವರೆಗೆ ಎಲ್ಲವೂ ರೋಮನ್ ಅಕ್ಷರಗಳ ಕಲಸುಮೇಲೋಗರ. ಅದೇ ಫಾಂಟ್ ಮತ್ತೆ ಹಾಕಿದರೆ ಓದಬಹುದು, ಆದರೆ ಯಾವುದೆಂದು ನೆನಪಿರಬೇಕು. ‘ಡಿ ಡ್ರೈವ್‌ನಲ್ಲಿದ್ದದ್ದು ಉಳಿಯುತ್ತೆ’ ಎಂದು ನಂಬಿದವರ ಟ್ಯಾಲಿ ಲೆಕ್ಕ, ಡೆಸ್ಕ್‌ಟಾಪಿನ ಕಡತಗಳು ಫಾರ್ಮ್ಯಾಟ್ ಅಳಿಸುವ ಸಿ ಡ್ರೈವಿನಲ್ಲೇ ಕೂತಿರುವುದುಂಟು.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿದದ್ದರಿಂದ ಪ್ರಶ್ನೆ ಮತ್ತೆ ಮೇಲೆದ್ದಿದೆ. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, ಯುಇಎಫ್‌ಐ ಎಂಬ ಬೂಟ್ ವ್ಯವಸ್ಥೆ ಕೇಳುತ್ತದೆ; ಅವಿಲ್ಲದ ಹಳೆಯ ಬೋರ್ಡನ್ನು ಬದಲಿಸಬೇಕಾಗುತ್ತದೆ. ಹಳೆಯ ಎಂಬಿಆರ್ ಮಾದರಿಯ ಡಿಸ್ಕ್‌ನಿಂದ ಯುಇಎಫ್‌ಐ ವಿಧಾನದಲ್ಲಿ ವಿಂಡೋಸ್ ಏಳುವುದಿಲ್ಲ. ಅದಕ್ಕೂ ಫಾರ್ಮ್ಯಾಟೇ ಬೇಕೆಂದಿಲ್ಲ. ಕಡತ ಅಳಿಸದೆ ಡಿಸ್ಕನ್ನು ಹೊಸ ಜಿಪಿಟಿ ಮಾದರಿಗೆ ಬದಲಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನ 2017ರಿಂದ ವಿಂಡೋಸಿನಲ್ಲೇ ಇದೆ.

ತೋಟದ ಬೋರ್‌ವೆಲ್ಲಿಗೆ ಹೊಸ ಮೋಟಾರ್ ಇಳಿಸಿದವರು ಪೈಪ್‌ಲೈನ್ ಕೀಳುವುದಿಲ್ಲ, ಸ್ಟಾರ್ಟರ್ ಹೊಂದುತ್ತದೆಯೇ ನೋಡುತ್ತಾರೆ. ಇಲ್ಲೂ ಅದೇ ಕ್ರಮ. ಬೋರ್ಡ್ ಬಿಚ್ಚುವ ಮೊದಲು ಕಡತ, ಫಾಂಟ್ ಎರಡನ್ನೂ ಬೇರೆ ಡಿಸ್ಕಿಗೆ ನಕಲಿಸಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಡಿ. ಬೋರ್ಡ್ ಬದಲಾದೊಡನೆ ವಿಂಡೋಸ್ ಅದನ್ನೇ ಕೇಳುತ್ತದೆ. ನಂತರ ಹಳೆಯ ವಿಂಡೋಸನ್ನೇ ಚಾಲೂ ಮಾಡಿ ನೋಡಿ. ಏಳದಿದ್ದರೆ, ತಡವರಿಸಿದರೆ, ವೈರಸ್ ಹಿಡಿದಿದ್ದರೆ ಫಾರ್ಮ್ಯಾಟ್ ಮಾಡಿಸಿ.