ಮಂಗೋಲಿಯಾದಿಂದ ಮಾಗಡಿಗೆ ಎಷ್ಟು ದೂರ?

ಅಕ್ಕಂದಿರೇ, ಶಿರಹಟ್ಟಿ ತಾಲ್ಲೂಕಿನ ನಮ್ಮ ಮಾಗಡಿಯಿಂದ ಗದಗ ಸುಮಾರು 26 ಕಿಲೋಮೀಟರ್. ಬಸ್ಸು ತಾಸಿಗೆ 40 ಕಿಲೋಮೀಟರ್ ಓಡಿದರೆ 40 ನಿಮಿಷದಲ್ಲಿ ಮುಟ್ಟಬೇಕು. ಆದರೆ ಬಸ್ಸು ನಡುನಡುವೆ ನಿಲ್ಲತೈತಿ. ಜನ ಹತ್ತಬೇಕು, ಇಳಿಯಬೇಕು. ಓಡುವ ಸಮಯ ಬೇರೆ, ಪ್ರಯಾಣದ ಸಮಯ ಬೇರೆ.

ಚಳಿಗಾಲದಲ್ಲಿ ನಮ್ಮ ಕೆರೆಗೆ ದೂರದ ಅತಿಥಿಗಳು ಬರುತ್ತಾರೆ. ಅವೇ ಪಟ್ಟೆತಲೆ ಹೆಬ್ಬಾತುಗಳು. ಬಿಳಿ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಇವು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ.

ಮಂಗೋಲಿಯಾ ದೇಶದ ರಾಜಧಾನಿ ಉಲಾನ್‌ಬಾತರ್. ಅಲ್ಲಿಂದ ಗದಗಿಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 4,600 ಕಿಲೋಮೀಟರ್. ಎಷ್ಟು ಹೊತ್ತು ಬೇಕು? ಲೆಕ್ಕ ಸುಲಭ ಐತಿ. ದೂರವನ್ನು ವೇಗದಿಂದ ಭಾಗಿಸಬೇಕು.

ವಿಮಾನ ತಾಸಿಗೆ 800 ಕಿಲೋಮೀಟರ್ ಹಾರಿದರೆ, 4,600 ಭಾಗ 800. ಐದೂಮುಕ್ಕಾಲು ತಾಸು ಆಯಿತು. ಆದರೆ ಗದಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಹುಬ್ಬಳ್ಳಿಗೆ ಹೋಗಬೇಕು. ದೊಡ್ಡ ಊರುಗಳಲ್ಲಿ ಇಳಿದು ವಿಮಾನ ಬದಲಿಸಬೇಕು, ಕಾಯಬೇಕು. ಒಂದು ದಿನವೇ ಹಿಡಿದೀತು.

ಹಕ್ಕಿ ತಾಸಿಗೆ ಸುಮಾರು 60 ಕಿಲೋಮೀಟರ್ ಹಾರುತ್ತದೆ. 4,600 ಭಾಗ 60. ಸುಮಾರು 77 ತಾಸು. ಅಂದರೆ ಮೂರು ಹಗಲು, ಮೂರು ರಾತ್ರಿ, ಮೇಲೆ ಐದು ತಾಸು. ಆದರೆ ಹಕ್ಕಿಗೂ ದಣಿವು, ಹಸಿವು ಇರತಾವು. ಕೆರೆ, ಹೊಳೆ ಕಂಡಲ್ಲಿ ಇಳಿಯುತ್ತದೆ. ಮೇಯುತ್ತದೆ, ಮಲಗುತ್ತದೆ. ಹೀಗಾಗಿ ವಾರಗಟ್ಟಲೆ ಬೇಕು.

ದಾರಿಯಲ್ಲಿ ಹಿಮಾಲಯ ಪರ್ವತ ಅಡ್ಡ ಐತಿ. ಈ ಹಕ್ಕಿ 7 ಕಿಲೋಮೀಟರಿಗೂ ಎತ್ತರ ಹಾರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಅಲ್ಲಿ ಗಾಳಿ ತೆಳು, ಉಸಿರಾಡುವುದೇ ಕಷ್ಟ.

ವಿಮಾನಕ್ಕೆ ಎಣ್ಣೆ ಬೇಕು. ಹಕ್ಕಿಗೆ ಮೈಯೊಳಗಿನ ಕೊಬ್ಬೇ ಎಣ್ಣೆ. ಮರಳಿ ಹೋಗಲು ಬೇಕಾದ ಕೊಬ್ಬನ್ನು ಅದು ನಮ್ಮ ಊರ ಸುತ್ತ ಮೇದು ಕೂಡಿಸಿಕೊಳ್ಳುತ್ತದೆ. ಇದೇ ಅದರ ಬುತ್ತಿ. ಕಲ್ಲು ಎಸೆದು ಮತ್ತೆ ಮತ್ತೆ ಎಬ್ಬಿಸಿದರೆ ಆ ಬುತ್ತಿ ಇಲ್ಲೇ ಮುಗಿಯುತ್ತದೆ.

ಹಕ್ಕಿ ಹೊಲಕ್ಕೆ ಇಳಿದರೆ ರೈತರಿಗೆ ನಷ್ಟ ಆಗತೈತಿ. ಅದೂ ಖರೆ. ಆದರೆ ವಿಷ ಇಡಬಾರದು, ಬಲೆ ಹಾಕಬಾರದು. 1972ರ ಕಾಯ್ದೆಯ ಪ್ರಕಾರ ಅದು ಅಪರಾಧ. ಅರಣ್ಯ ಇಲಾಖೆಗೆ ಅರ್ಜಿ ಬರೆಯೋಣ. ಈಗ ನಮಗೆ ಬರೆಯಲು ಬರತೈತಿ, ಅಲ್ಲೇನ್ರಿ?

ನಮ್ಮ ಕೆರೆ ಸಣ್ಣದಲ್ಲ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಅದು ಜಗತ್ತಿನ ಮುಖ್ಯ ಕೆರೆ, ಜೌಗುಗಳ ಪಟ್ಟಿ.

ನೀವೇ ಲೆಕ್ಕ ಮಾಡಿರಿ: ಬೆಂಗಳೂರಿನಿಂದ ದುಬೈ ಸುಮಾರು 2,700 ಕಿಲೋಮೀಟರ್. ವಿಮಾನ ತಾಸಿಗೆ 800 ಕಿಲೋಮೀಟರ್ ಹಾರಿದರೆ ಎಷ್ಟು ತಾಸು ಬೇಕು?